ಮದ್ದಿಗೂ ಒಂದು ಹೊತ್ತಿದೆ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ನರ್ಸಿಂಗ್ ಓದುವ ಮಕ್ಕಳದ್ದು. ಕಾಸರಗೋಡಿನ ಪೆರ್ಲ, ಮುಳ್ಳೇರಿಯಾ, ಉಪ್ಪಳ ಕಡೆಯಿಂದ ಮಂಗಳೂರಿಗೆ ಹೋಗಿ ಓದುವವರು. ನಡುವೆ ಮನೆಯವರ ಪ್ರಶ್ನೆಗಳೂ ಇವೆ. ವಿಷಯಗಳು ಒಂದಕ್ಕೊಂದು ಕೂಡಿಕೊಂಡಿವೆ. ಹಾಗಾಗಿ ಎಲ್ಲಕ್ಕೂ ಒಟ್ಟಿಗೇ ಉತ್ತರಿಸಿದ್ದೇನೆ. ಮೊದಲು ವಾರ್ಡಿನಲ್ಲಿ ಸಿಸ್ಟರ್ ಆಗಿ, ಆಮೇಲೆ ಫಾರ್ಮಕಾಲಜಿ, ಅಂದರೆ ಮದ್ದಿನ ಶಾಸ್ತ್ರ, ಪಾಠ ಮಾಡುವ ಟೀಚರ್ ಆಗಿ ಕಂಡು ಕಲಿತದ್ದನ್ನು ಹೇಳುತ್ತೇನೆ.

ಪ್ರಶ್ನೆ: ಟೀಚರಿಗೆ ನಮಸ್ಕಾರ. ಹತ್ತನೇ ಕ್ಲಾಸಿನವರೆಗೆ ನಾನು ಕನ್ನಡ ಮಾಧ್ಯಮ. ಈಗ ಬಿಎಸ್ಸಿ ನರ್ಸಿಂಗ್ ಮೂರನೇ ಸೆಮಿಸ್ಟರ್. ಆಂಟಿಬಯೋಟಿಕ್ ಪಾಠ ಶುರುವಾಗಿದೆ. ಹೆಸರು ಬಾಯಿಪಾಠ ಮಾಡಿದರೆ ಮರುದಿನ ಮರೆತು ಹೋಗುತ್ತದೆ. ಇಂಗ್ಲಿಷ್ ಮಾಧ್ಯಮದವರಿಗೆ ಇದು ಸುಲಭವಾ?
— ವಿದ್ಯಾರ್ಥಿನಿ, ಪೆರ್ಲ

ಉತ್ತರ: ಖಂಡಿತ ಅಲ್ಲ ಮಗಳೇ. ಸೆಫ್ಟ್ರಿಯಾಕ್ಸೋನ್, ಪೈಪೆರಾಸಿಲಿನ್ ಅನ್ನುವುದು ಯಾರ ಮನೆಯಲ್ಲೂ ಆಡುವ ಮಾತಲ್ಲ. ಎಲ್ಲರೂ ಅದನ್ನು ಮೊದಲ ಸಲ ಕೇಳುವುದು ಕಾಲೇಜಿನಲ್ಲೇ. ಹೆಸರಿನಿಂದ ಶುರು ಮಾಡಬೇಡ. ಈ ಮದ್ದು ಬ್ಯಾಕ್ಟೀರಿಯಾದ ಯಾವ ಜಾಗಕ್ಕೆ ಪೆಟ್ಟು ಕೊಡುತ್ತದೆ ಅಂತ ಕೇಳಿಕೋ. ಕನ್ನಡದಲ್ಲೇ ಕೇಳಿಕೋ.

ಬ್ಯಾಕ್ಟೀರಿಯಾಕ್ಕೆ ಹೊರಗೊಂದು ಗಟ್ಟಿ ಗೋಡೆ ಇದೆ. ನಮ್ಮ ಜೀವಕೋಶಕ್ಕೆ ಅದಿಲ್ಲ. ಪೆನಿಸಿಲಿನ್, ಅಮಾಕ್ಸಿಸಿಲಿನ್, ‘ಸೆಫ್’ ಅಂತ ಶುರುವಾಗುವ ಮದ್ದುಗಳು, ಮೆರೊಪೆನೆಮ್, ಇವೆಲ್ಲ ಆ ಗೋಡೆ ಕಟ್ಟುವ ಕೆಲಸವನ್ನೇ ನಿಲ್ಲಿಸುತ್ತವೆ. ಇನ್ನೊಂದು ಗುಂಪು ಬ್ಯಾಕ್ಟೀರಿಯಾ ಪ್ರೋಟೀನ್ ತಯಾರಿಸುವ ರೈಬೋಸೋಮಿಗೆ ಅಂಟಿಕೊಳ್ಳುತ್ತದೆ. ಜೆಂಟಾಮೈಸಿನ್, ಅಜಿತ್ರೋಮೈಸಿನ್, ಡಾಕ್ಸಿಸೈಕ್ಲಿನ್ ಆ ಗುಂಪಿನವು. ಸಿಪ್ರೊಫ್ಲಾಕ್ಸಾಸಿನ್ ಡಿಎನ್‌ಎ ನಕಲಾಗುವುದನ್ನು ತಡೆಯುತ್ತದೆ. ಕೋಟ್ರೈಮಾಕ್ಸಜೋಲ್ ಬ್ಯಾಕ್ಟೀರಿಯಾ ತನಗೆ ಬೇಕಾದ ಫೋಲೇಟ್ ಎಂಬ ವಿಟಮಿನ್ ಮಾಡಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ. ಇಷ್ಟು ಗೊತ್ತಿದ್ದರೆ ಹೊಸ ಹೆಸರು ಬಂದಾಗ ಯಾವ ಗುಂಪಿಗೆ ಸೇರಿಸಬೇಕು ಅಂತ ತಿಳಿಯುತ್ತದೆ. ವೈರಸ್ಸಿಗೆ ಆ ಗೋಡೆಯೂ ಇಲ್ಲ, ಸ್ವಂತ ರೈಬೋಸೋಮೂ ಇಲ್ಲ. ನೆಗಡಿಗೆ ಅಜಿತ್ರೋಮೈಸಿನ್ ಯಾಕೆ ಪ್ರಯೋಜನ ಇಲ್ಲ ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ ಅಲ್ವಾ?

ಎರಡನೇ ಪ್ರಶ್ನೆ ಇನ್ನೂ ದೊಡ್ಡದು. ಒಳಗೆ ಹೋದ ಮದ್ದು ಎಷ್ಟು ಹೊತ್ತು ಇರುತ್ತದೆ? ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ? ನನ್ನ ಮಟ್ಟಿಗೆ ಫಾರ್ಮಕಾಲಜಿಯ ಜೀವ ಇದೇ. 1941ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡ್‌ನ ಆಸ್ಪತ್ರೆಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸಿನವನಿಗೆ ಪೆನಿಸಿಲಿನ್ ಕೊಟ್ಟರು. ಮುಖವೆಲ್ಲ ಕೀವಾಗಿ ಸಾಯುವ ಸ್ಥಿತಿಯಲ್ಲಿದ್ದ. ಮದ್ದು ಕೊಟ್ಟ ಮೇಲೆ ಜ್ವರ ಇಳಿಯಿತು, ಊಟ ಸೇರಿತು. ಆದರೆ ಆಗ ಲೋಕದಲ್ಲಿ ಇದ್ದ ಪೆನಿಸಿಲಿನ್ನೇ ಸ್ವಲ್ಪ. ಅವನ ಮೂತ್ರದಿಂದ ಪೆನಿಸಿಲಿನ್ ಬೇರ್ಪಡಿಸಿ ಮತ್ತೆ ಅವನಿಗೇ ಕೊಟ್ಟರು. ಅದೂ ಸಾಕಾಗಲಿಲ್ಲ. ಸೋಂಕು ಮರಳಿ ಬಂತು, ಮಾರ್ಚಿನಲ್ಲಿ ಅವನು ತೀರಿಕೊಂಡ. ಮೂತ್ರದಲ್ಲಿ ಮದ್ದು ಸಿಕ್ಕಿತು ಅಂದರೇನು? ಪೆನಿಸಿಲಿನ್ನನ್ನು ಕಿಡ್ನಿ ಬೇಗ ಬೇಗ ಹೊರಗೆ ಹಾಕುತ್ತದೆ ಅಂತ. ಅಮಾಕ್ಸಿಸಿಲಿನ್ ಕೂಡ ಹಾಗೆಯೇ. ಸುಮಾರು ಒಂದು ಗಂಟೆಯಲ್ಲಿ ರಕ್ತದಲ್ಲಿರುವುದರ ಅರ್ಧ ಖಾಲಿ. ಇದಕ್ಕೆ ಹಾಫ್ ಲೈಫ್ ಎನ್ನುತ್ತೇವೆ. ಆದ್ದರಿಂದ ದಿನಕ್ಕೆ ಮೂರು ಸಲ. ಅಜಿತ್ರೋಮೈಸಿನ್ನಿನ ಹಾಫ್ ಲೈಫ್ 68 ಗಂಟೆಯ ಹತ್ತಿರ. ಆದ್ದರಿಂದ ದಿನಕ್ಕೆ ಒಂದು, ಮೂರೇ ದಿನ ತಿಂದರೂ ಮದ್ದು ಮತ್ತೂ ಕೆಲವು ದಿನ ಒಳಗೆ ಇರುತ್ತದೆ. ಕಿಡ್ನಿ ಸೋತ ಅಜ್ಜನಿಗೆ ಪೆನಿಸಿಲಿನ್ ಇಂಜೆಕ್ಷನ್ನಿನ ಡೋಸ್ ಡಾಕ್ಟರು ಯಾಕೆ ಇಳಿಸುತ್ತಾರೆ ಅನ್ನುವುದನ್ನೂ ಇನ್ನು ನೀನೇ ಹೇಳಬಲ್ಲೆ.

ಪ್ರಶ್ನೆ: ಬೆಳಿಗ್ಗೆ ಆರು ಗಂಟೆಯ ಆಂಟಿಬಯೋಟಿಕ್ ಇಂಜೆಕ್ಷನ್ ಕೊಡುವಾಗ ಏಳೂವರೆ ಆಯಿತು. ಸ್ಟಾಫ್ ಎಲ್ಲರ ಎದುರು ಬೈದರು. ಒಂದೂವರೆ ಗಂಟೆಯಲ್ಲಿ ಅಂಥದ್ದೇನಾಗುತ್ತದೆ? ಪಕ್ಕದ ಬೆಡ್ಡಿನವರಿಗೆ ಜೆಂಟಾಮೈಸಿನ್ ದಿನಕ್ಕೆ ಒಂದೇ ಸಲ ಇದೆಯಲ್ಲ?
— ಎರಡನೇ ವರ್ಷದ ವಿದ್ಯಾರ್ಥಿ, ಬದಿಯಡ್ಕ

ಉತ್ತರ: ಎಲ್ಲರ ಎದುರು ಬೈದದ್ದು ನನಗೆ ಸರಿ ಕಾಣುವುದಿಲ್ಲ. ಆದರೆ ಅವರ ಕಾಳಜಿ ಸರಿ. ಗೋಡೆಗೆ ಹೊಡೆಯುವ ಮದ್ದುಗಳು ರಕ್ತದಲ್ಲಿ ಒಂದು ಮಟ್ಟಕ್ಕಿಂತ ಮೇಲೆ ಎಷ್ಟು ಹೊತ್ತು ಇರುತ್ತವೆ ಅನ್ನುವುದೇ ಮುಖ್ಯ. ಎಷ್ಟು ಎತ್ತರಕ್ಕೆ ಹೋದವು ಅನ್ನುವುದಲ್ಲ. ಮಟ್ಟ ಇಳಿದ ಹೊತ್ತಿನಲ್ಲಿ ಉಳಿದ ಬ್ಯಾಕ್ಟೀರಿಯಾ ಮತ್ತೆ ಹೆಚ್ಚಾಗುತ್ತವೆ. ಆರು, ಎರಡು, ಹತ್ತು ಅಂತ ಚಾರ್ಟಿನಲ್ಲಿ ಬರೆದದ್ದು ಡ್ಯೂಟಿಯ ಅನುಕೂಲಕ್ಕಲ್ಲ. ಎಂಟು ಗಂಟೆಯ ಅಂತರ ಆ ಮದ್ದಿನ ಗುಣದಿಂದ ಬಂದದ್ದು.

ಜೆಂಟಾಮೈಸಿನ್ ಬೇರೆ ಜಾತಿ. ಅದಕ್ಕೆ ಒಮ್ಮೆ ಎತ್ತರಕ್ಕೆ ಏರಬೇಕು. ಏರಿದ ಹೊಡೆತಕ್ಕೆ ಸಿಕ್ಕಿದ ಬ್ಯಾಕ್ಟೀರಿಯಾ ಮದ್ದಿನ ಮಟ್ಟ ಇಳಿದ ಮೇಲೂ ಸ್ವಲ್ಪ ಹೊತ್ತು ಏಳುವುದಿಲ್ಲ. ಆದರೆ ಅದು ಕಿಡ್ನಿಯಲ್ಲೂ ಒಳಕಿವಿಯಲ್ಲೂ ಸೇರಿಕೊಳ್ಳುತ್ತದೆ. ಮಟ್ಟ ಪೂರ್ತಿ ಇಳಿಯಲು ಸಮಯ ಕೊಡಬೇಕು. ಆದ್ದರಿಂದ ಹೆಚ್ಚಿನವರಿಗೆ ದಿನಕ್ಕೆ ಒಂದೇ ಸಲ. ಇಲ್ಲಿ ನರ್ಸಿನ ಕೆಲಸ ಸಿರಿಂಜ್ ಎಸೆದ ಕೂಡಲೇ ಮುಗಿಯುವುದಿಲ್ಲ. ಮೂತ್ರ ಎಷ್ಟು ಹೋಯಿತು ಅಂತ ಅಳೆದು ಬರೆಯಬೇಕು. ಕಿವಿಯಲ್ಲಿ ಗುಂಯ್ ಅನ್ನುತ್ತದಾ, ನಡೆಯುವಾಗ ಓಲಾಡುತ್ತದಾ ಅಂತ ಕೇಳಬೇಕು. ರೋಗಿ ತಾನಾಗಿ ಹೇಳುವುದು ಕಡಿಮೆ. ವಯಸ್ಸಾಯಿತು ಅಂದುಕೊಂಡು ಸುಮ್ಮನಿರುತ್ತಾರೆ. ಒಳಕಿವಿಗೆ ಒಮ್ಮೆ ಹಾನಿಯಾದರೆ ಹೋದ ಕೇಳುವಿಕೆ ಮರಳಿ ಬರುವುದು ಕಷ್ಟ.

ಇನ್ನೂ ಎರಡು ಮಾತು ಇದೇ ಪತ್ರದಲ್ಲಿ ಹೇಳಿಬಿಡುತ್ತೇನೆ. ವಾಂಕೊಮೈಸಿನ್ ಎಂಬ ಆಂಟಿಬಯೋಟಿಕ್ಕಿನ ಡ್ರಿಪ್ಪನ್ನು ಬೇಗ ಮುಗಿಸಬಾರದು, ಕಡಿಮೆ ಅಂದರೂ ಒಂದು ಗಂಟೆ ಬೇಕು. ಬೇಗ ಬಿಟ್ಟರೆ ಮುಖ, ಕುತ್ತಿಗೆ, ಎದೆ ಕೆಂಪಾಗಿ ತುರಿಸುತ್ತದೆ, ಬಿಪಿ ಇಳಿಯಬಹುದು. ಸೆಫ್ಟ್ರಿಯಾಕ್ಸೋನ್ ಮತ್ತು ಕ್ಯಾಲ್ಸಿಯಂ ಇರುವ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಒಂದೇ ಲೈನಿನಲ್ಲಿ ಒಟ್ಟಿಗೆ ಹೋಗಬಾರದು, ಸೇರಿದರೆ ಹರಳುಗಟ್ಟುತ್ತದೆ. ಹುಟ್ಟಿ 28 ದಿನ ದಾಟದ ಮಗುವಿಗೆ ಕ್ಯಾಲ್ಸಿಯಂ ಡ್ರಿಪ್ ಹೋಗುತ್ತಿದ್ದರೆ ಸೆಫ್ಟ್ರಿಯಾಕ್ಸೋನ್ ಕೊಡಲೇಬಾರದು. ಬರೆದದ್ದು ಕಂಡರೆ ಡಾಕ್ಟರಿಗೆ ಹೇಳು. ವಿದ್ಯಾರ್ಥಿಯಾದರೂ ಹೇಳು.

ಪ್ರಶ್ನೆ: ಮೊದಲು ಚರ್ಮಕ್ಕೆ ಸ್ವಲ್ಪವೇ ಚುಚ್ಚಿ ನೋಡುವ ಪೆನಿಸಿಲಿನ್ ಟೆಸ್ಟ್ ಡೋಸಿನಲ್ಲಿ ಏನೂ ಆಗದಿದ್ದರೆ ಮತ್ತೆ ಭಯ ಇಲ್ಲ ಅಲ್ವಾ?
— ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಭಯ ಬೇಡ, ಎಚ್ಚರ ಬೇಕು. ಚರ್ಮದಲ್ಲಿ ಗುಳ್ಳೆ ಬರಲಿಲ್ಲ ಅಂದ ಮಾತ್ರಕ್ಕೆ ಪೂರ್ತಿ ಡೋಸಿಗೆ ರಿಯಾಕ್ಷನ್ ಬರುವುದೇ ಇಲ್ಲ ಅಂತ ಹೇಳಲಾಗುವುದಿಲ್ಲ. ಮೊದಲು ಬಾಯಿಬಿಟ್ಟು ಕೇಳು: ಹಿಂದೆ ಯಾವ ಮದ್ದಿಗಾದರೂ ಮೈಯೆಲ್ಲ ತುರಿಸಿ ಎದ್ದಿತ್ತಾ, ಉಸಿರು ಕಟ್ಟಿತ್ತಾ, ತುಟಿ ಬಾತಿತ್ತಾ? ಬರೀ ‘ಅಲರ್ಜಿ ಇದೆಯಾ’ ಅಂತ ಕೇಳಿದರೆ ‘ಇಲ್ಲ’ ಅಂತಲೇ ಉತ್ತರ ಬರುತ್ತದೆ. ಇಂಜೆಕ್ಷನ್ ಕೊಟ್ಟ ಮೇಲೆ ಅರ್ಧ ಗಂಟೆ ಕಣ್ಣಳತೆಯಲ್ಲಿರಲಿ. ರಿಯಾಕ್ಷನ್ ಬಂದರೆ ಕೊಡುವ ಅಡ್ರಿನಲಿನ್ ಎಲ್ಲಿದೆ ಅಂತ ಇಂಜೆಕ್ಷನ್ ಕೊಡುವ ಮೊದಲೇ ಗೊತ್ತಿರಬೇಕು. ದೊಡ್ಡವರಿಗೆ ಅರ್ಧ ಮಿ.ಗ್ರಾಂ, ಅಂದರೆ 1 ಮಿ.ಲೀ.ಗೆ 1 ಮಿ.ಗ್ರಾಂ ಇರುವ ಆಂಪ್ಯೂಲಿನ ಅರ್ಧ, ತೊಡೆಯ ಹೊರಬದಿಯ ಮಾಂಸಖಂಡಕ್ಕೆ. ಆ ಹೊತ್ತಿನಲ್ಲಿ ಜೀವ ಉಳಿಸುವುದು ಅದೇ. ಅಲರ್ಜಿಯ ಮದ್ದು ಅವಿಲ್ ಮತ್ತು ಸ್ಟೀರಾಯ್ಡ್ ಆಮೇಲಿನ ಮಾತು.

ಪ್ರಶ್ನೆ: ಮಳೆಗಾಲದಲ್ಲಿ ಅಡಿಕೆ ತೋಟದ ಕೆಸರಲ್ಲಿ ಕೆಲಸ ಮಾಡುವವರಿಗೆ ಇಲಿ ಜ್ವರ ಬಾರದ ಹಾಗೆ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ತಿಂದರೆ ನನಗೆ ಎದೆ ಉರಿಯುತ್ತದೆ. ಹಾಲಿನ ಜೊತೆ ತಿನ್ನಬಹುದಾ?
— ಕೃಷಿಕರು, ಮುಳ್ಳೇರಿಯಾ

ಉತ್ತರ: ಹಾಲು ಬೇಡಿ. ಹಾಲಿನ ಕ್ಯಾಲ್ಸಿಯಂ ಈ ಮದ್ದನ್ನು ಹಿಡಿದುಕೊಳ್ಳುತ್ತದೆ, ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಗ್ಯಾಸಿನ ಗುಳಿಗೆ, ಕಬ್ಬಿಣದ ಗುಳಿಗೆಯೂ ಹಾಗೆಯೇ. ಎದೆ ಉರಿಯಲು ಕಾರಣ ಗುಳಿಗೆ ಅನ್ನನಾಳದಲ್ಲಿ ಅಂಟಿಕೊಳ್ಳುವುದು. ಗಂಜಿ ಉಂಡ ಮೇಲೆ, ಕೂತುಕೊಂಡು, ದೊಡ್ಡ ಲೋಟ ತುಂಬ ನೀರಿನ ಜೊತೆ ತಿನ್ನಿ. ಅರ್ಧ ಗಂಟೆ ಮಲಗಬೇಡಿ. ವಾರಕ್ಕೊಮ್ಮೆ 200 ಮಿ.ಗ್ರಾಂ ತಿನ್ನುವ ಕ್ರಮ ಕೆಸರಿಗೆ ಇಳಿಯುವ ದೊಡ್ಡವರಿಗೆ. ಬಸುರಿಯರಿಗೆ, ಸಣ್ಣ ಮಕ್ಕಳಿಗೆ ಮನೆಯಲ್ಲಿ ಉಳಿದದ್ದನ್ನು ಕೊಡಬೇಡಿ. ಗುಳಿಗೆ ತಿಂದಿದ್ದೇನೆ ಅಂತ ಜ್ವರ ಬಂದಾಗ ಮನೆಯಲ್ಲೇ ಕೂರಬೇಡಿ. ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪು ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಕೆಸರಲ್ಲಿ ಕೆಲಸ ಮಾಡಿದ್ದನ್ನು ಹೇಳಿ.

ಪ್ರಶ್ನೆ: ವಾರ್ಡಿನಲ್ಲಿ ಇನ್ಸುಲಿನ್ ಸಿರಿಂಜ್ ಎರಡು ಬಣ್ಣದಲ್ಲಿದೆ. ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ. 20 ಅಂದರೆ ಎರಡರಲ್ಲೂ 20 ಅಲ್ವಾ? ಇನ್ನೊಂದು ಸಂಶಯ: ಥೈರಾಯ್ಡ್ ಹಾರ್ಮೋನು ಗುಳಿಗೆಯಲ್ಲಿ ಕೊಡುತ್ತೇವೆ, ಇನ್ಸುಲಿನ್ ಯಾಕೆ ಚುಚ್ಚಬೇಕು?
— ವಿದ್ಯಾರ್ಥಿನಿ, ಕುಂಬಳೆ

ಉತ್ತರ: ಎರಡನೆಯದು ಮೊದಲು. ಇನ್ಸುಲಿನ್ ಒಂದು ಪ್ರೋಟೀನ್. ನುಂಗಿದರೆ ತಿಂದ ಮೀನು, ಮೊಟ್ಟೆ ಜೀರ್ಣವಾದ ಹಾಗೆ ಅದೂ ಜೀರ್ಣವಾಗುತ್ತದೆ. ಹೆರಿಗೆ ವಾರ್ಡಿನ ಆಕ್ಸಿಟೋಸಿನ್ನಿಗೂ ಇದೇ ಕಾರಣ. ಥೈರಾಯ್ಡ್ ಹಾರ್ಮೋನು ಸಣ್ಣ ಅಣು. ಹೊಟ್ಟೆಯಲ್ಲಿ ಹಾಳಾಗದೆ ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಸ್ಟೀರಾಯ್ಡ್, ಈಸ್ಟ್ರೋಜನ್‌ನಂಥವು ಗುಳಿಗೆಯಲ್ಲಿ ಸಿಗುವುದೂ ಹೀಗೆಯೇ.

ಈಗ ಸಿರಿಂಜ್. ಇದನ್ನು ದಯವಿಟ್ಟು ನಿಧಾನವಾಗಿ ಓದು. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ 1 ಮಿ.ಲೀ.ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಪೆನ್ನಿನ ಕಾರ್ಟ್ರಿಡ್ಜ್ 1 ಮಿ.ಲೀ.ಗೆ 100 ಯೂನಿಟ್. ಕಿತ್ತಳೆ ಮುಚ್ಚಳದ ಸಿರಿಂಜ್ ಆ 100ರ ಅಳತೆಯದ್ದು. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಬರುವುದು 0.2 ಮಿ.ಲೀ. ಅದರಲ್ಲಿ 8 ಯೂನಿಟ್ ಮಾತ್ರ. ಶುಗರ್ ಇಳಿಯುವುದಿಲ್ಲ, ಡಾಕ್ಟರು ಡೋಸ್ ಏರಿಸುತ್ತಾರೆ, ಒಂದು ದಿನ ಯಾರೋ ಸರಿಯಾದ ಸಿರಿಂಜಿನಲ್ಲಿ ಕೊಡುತ್ತಾರೆ, ರೋಗಿ ಪ್ರಜ್ಞೆ ತಪ್ಪುತ್ತಾರೆ. ತಿರುಗಿಸಿ ನೋಡು. 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಅರ್ಧ ಮಿ.ಲೀ., ಅಂದರೆ 50 ಯೂನಿಟ್. ಎರಡೂವರೆ ಪಟ್ಟು! ಬಾಟಲಿಯ ಮೇಲಿನ ಸಂಖ್ಯೆ ಮತ್ತು ಸಿರಿಂಜಿನ ಮೇಲಿನ ಸಂಖ್ಯೆ ಒಂದೇ ಅಂತ ಬೆರಳಿಟ್ಟು ನೋಡದೆ ಎಳೆಯಬೇಡ. ಪೆನ್ನಿನ ಕಾರ್ಟ್ರಿಡ್ಜಿನಿಂದ ಸಿರಿಂಜಿಗೆ ಎಳೆಯುವ ಅಭ್ಯಾಸ ಎಲ್ಲಿ ಕಂಡರೂ ಕಲಿಯಬೇಡ. ಚಾರ್ಟಿನಲ್ಲಿ ‘ಯೂನಿಟ್’ ಅಂತ ಪೂರ್ತಿ ಬರೆ. ಇಂಗ್ಲಿಷಿನ ಒಂದೇ ಅಕ್ಷರ ಬರೆದರೆ ಅದು ಸೊನ್ನೆಯ ಹಾಗೆ ಕಂಡು 4 ಯೂನಿಟ್ 40 ಆಗುತ್ತದೆ.

ತಿಳಿಯಾದ ರೆಗ್ಯುಲರ್ ಇನ್ಸುಲಿನ್ ಮತ್ತು ಮಬ್ಬಾದ ಎನ್‌ಪಿಎಚ್ ಇನ್ಸುಲಿನ್ ಬೆರೆಸುವುದಾದರೆ ತಿಳಿಯಾದದ್ದನ್ನು ಮೊದಲು ಎಳೆ, ಮಬ್ಬಾದದ್ದನ್ನು ಆಮೇಲೆ. ಮಬ್ಬಾದ ಬಾಟಲಿಯನ್ನು ಅಂಗೈಗಳ ನಡುವೆ ಉರುಳಿಸು, ಕುಲುಕಬೇಡ. ಗ್ಲಾರ್ಜಿನ್ ಇನ್ಸುಲಿನ್ ಯಾವುದರ ಜೊತೆಗೂ ಬೆರೆಸಬಾರದು. ಇದೆಲ್ಲ ಪರೀಕ್ಷೆಗೂ ಬರುತ್ತದೆ, ವಾರ್ಡಿಗೂ ಬರುತ್ತದೆ.

1922ರ ಜನವರಿಯಲ್ಲಿ ಟೊರೊಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಅದಕ್ಕೆ ಮೊದಲು ಅಂಥ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಕೆಲವು ತಿಂಗಳು ಉಳಿಸಿಕೊಳ್ಳುವುದಷ್ಟೇ ಸಾಧ್ಯವಿತ್ತು. ನಿನ್ನ ಕೈಯಲ್ಲಿರುವ ಬಾಟಲಿ ಎಂಥದ್ದು ಅಂತ ತಿಳಿದಿರಲಿ ಅಂತ ಬರೆದೆ.

ಪ್ರಶ್ನೆ: ಅಮ್ಮನಿಗೆ ಥೈರಾಯ್ಡ್. ದಿನಾ ಗುಳಿಗೆ ತಿಂದರೂ ರಿಪೋರ್ಟ್ ಸರಿ ಬರುವುದಿಲ್ಲ. ಖಾಲಿ ಹೊಟ್ಟೆಯಲ್ಲೇ ತಿನ್ನುತ್ತಾರೆ. ಮದ್ದಿನ ಕವರಿನ ಮೇಲೆ ಬರೆದ ಮಲಯಾಳ ಅವರಿಗೆ ಓದಲು ಬರುವುದಿಲ್ಲ, ನಾನೇ ಹೇಳಿಕೊಟ್ಟಿದ್ದೇನೆ.
— ಓದುಗರು, ಉಪ್ಪಳ

ಉತ್ತರ: ಎದ್ದ ಮೇಲೆ ಮೊದಲು ಬಾಯಿಗೆ ಏನು ಹಾಕುತ್ತೀರಿ ಅಂತ ಅಮ್ಮನಲ್ಲಿ ಕೇಳಿ ನೋಡಿ. ನಮ್ಮ ಕಡೆ ಎಷ್ಟೋ ಹಿರಿಯರು ಚಾ, ಕಾಫಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ತಿಂಡಿ ತಿನ್ನಲಿಲ್ಲ, ಹಾಗಾಗಿ ಹೊಟ್ಟೆ ಖಾಲಿ ಅಂದುಕೊಳ್ಳುತ್ತಾರೆ. ಲೆವೊಥೈರಾಕ್ಸಿನ್, ಅಂದರೆ ಆ ಥೈರಾಯ್ಡ್ ಗುಳಿಗೆ, ಬರೀ ನೀರಿನ ಜೊತೆ, ಕಾಫಿಗೂ ತಿಂಡಿಗೂ ಅರ್ಧದಿಂದ ಒಂದು ಗಂಟೆ ಮೊದಲು. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆ ಇದ್ದರೆ ನಾಲ್ಕು ಗಂಟೆ ಬಿಟ್ಟು. ಈ ಹಾರ್ಮೋನಿನ ಹಾಫ್ ಲೈಫ್ ಸುಮಾರು ಏಳು ದಿನ. ಆದ್ದರಿಂದ ಡೋಸ್ ಬದಲಿಸಿದರೆ ರಕ್ತಪರೀಕ್ಷೆ ಆರರಿಂದ ಎಂಟು ವಾರದ ಮೇಲೆ. ಹತ್ತು ದಿನಕ್ಕೇ ಮಾಡಿಸಿದರೆ ಸುಮ್ನೆ ದುಡ್ಡು ದಂಡ. ಕವರಿನ ಮೇಲೆ ನೀವೇ ಕನ್ನಡದಲ್ಲಿ ಬರೆದುಕೊಡಿ. ಓದಲು ಬಾರದವರಿಗಾದರೆ ಸೂರ್ಯ, ಚಂದ್ರ ಬರೆದರೂ ಆದೀತು. ನರ್ಸಿಂಗ್ ಮಕ್ಕಳೇ, ಡಿಸ್ಚಾರ್ಜ್ ಆಗುವ ಅಜ್ಜಿಗೆ ‘ಗೊತ್ತಾಯ್ತಾ’ ಅಂತ ಕೇಳಬೇಡಿ. ‘ನಾಳೆ ಬೆಳಿಗ್ಗೆ ಹೇಗೆ ತಿನ್ನುತ್ತೀರಿ, ಹೇಳಿ ಅಜ್ಜಿ’ ಅನ್ನಿ. ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ ಕೇಳಿಸಿಕೊಳ್ಳಿ.

ಪ್ರಶ್ನೆ: ತರವಾಡಿನಲ್ಲಿ (ಕುಟುಂಬದ ಮೂಲಮನೆಯಲ್ಲಿ) ದೈವದ ಕೋಲ. ಮುಟ್ಟು ಮುಂದೆ ಹಾಕುವ ಗುಳಿಗೆ ಮೆಡಿಕಲಿನಲ್ಲಿ ಕೇಳಿ ತೆಗೆದುಕೊಳ್ಳಬಹುದಾ?
— ಓದುಗರು, ಆದೂರು

ಉತ್ತರ: ಅದು ನೊರೆತಿಸ್ಟರೋನ್ ಅನ್ನುವ ಹಾರ್ಮೋನು ಗುಳಿಗೆ. ಸಾಮಾನ್ಯವಾಗಿ ಮುಟ್ಟು ಬರುವ ಮೂರು ದಿನ ಮೊದಲೇ ಶುರುವಾಗಬೇಕು, ದಿನಕ್ಕೆ ಮೂರು. ನಿಲ್ಲಿಸಿದ ಎರಡು ಮೂರು ದಿನದಲ್ಲಿ ಮುಟ್ಟು ಬರುತ್ತದೆ. ಹಿಂದಿನ ದಿನ ಓಡಿ ಹೋಗಿ ತಂದರೆ ಕೆಲಸ ಮಾಡುವುದಿಲ್ಲ. ಶರೀರದಲ್ಲಿ ಇದರ ಸ್ವಲ್ಪ ಪಾಲು ಈಸ್ಟ್ರೋಜನ್ ಆಗಿ ಬದಲಾಗುತ್ತದೆ. ಹಾಗಾಗಿ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರು, ಕಣ್ಣಿಗೆ ಮಿಂಚು ಕಂಡು ತಲೆನೋವು ಬರುವವರು, ಲಿವರ್ ಕಾಯಿಲೆ ಇರುವವರು, ಬಸುರಿ ಇರಬಹುದು ಅನ್ನುವವರು ತಿನ್ನಬಾರದು. ಇದನ್ನೆಲ್ಲ ಕೌಂಟರಿನಲ್ಲಿ ನಿಂತು ಯಾರೂ ಕೇಳುವುದಿಲ್ಲ. ಡಾಕ್ಟರರಲ್ಲಿ ಹೋಗಿ. ಇದು ಗರ್ಭನಿರೋಧಕ ಅಲ್ಲ ಅನ್ನುವುದೂ ನೆನಪಿರಲಿ. ತಿನ್ನುವುದೋ ಬಿಡುವುದೋ ನಿಮ್ಮ ತೀರ್ಮಾನ. ಮನೆಯವರ ಒತ್ತಾಯಕ್ಕೆ ಮಾತ್ರ ತಿನ್ನಬೇಡಿ.

ಪ್ರಶ್ನೆ: ಕಮ್ಯುನಿಟಿ ಪೋಸ್ಟಿಂಗಿನಲ್ಲಿ ಒಬ್ಬ ಅಕ್ಕ ಸಿಕ್ಕಿದರು. ಟಿಬಿ ಮದ್ದು ತಿನ್ನುತ್ತಿದ್ದಾರೆ, ಗರ್ಭನಿರೋಧಕ ಗುಳಿಗೆ ಮಾಲಾ-ಎನ್ ಕೂಡ. ಆಂಟಿಬಯೋಟಿಕ್ ತಿಂದರೆ ಗರ್ಭನಿರೋಧಕ ಗುಳಿಗೆ ಕೆಲಸ ಮಾಡುವುದಿಲ್ಲ ಅಂತ ಗೆಳತಿ ಹೇಳುತ್ತಾಳೆ. ಹೌದಾ?
— ವಿದ್ಯಾರ್ಥಿನಿ, ಪೈವಳಿಕೆ

ಉತ್ತರ: ಈ ಪತ್ರ ಓದಿ ನನಗೆ ತುಂಬಾ ಸಂತೋಷವಾಯಿತು. ಎರಡು ಮದ್ದನ್ನು ಒಟ್ಟಿಗೆ ಇಟ್ಟು ನೋಡುವುದೇ ನಿಜವಾದ ಓದು. ಗೆಳತಿಯ ಮಾತು ಎಲ್ಲ ಆಂಟಿಬಯೋಟಿಕ್ಕಿಗೂ ಸರಿಯಲ್ಲ. ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್‌ನಂಥವು ಗುಳಿಗೆಯನ್ನು ಕೆಡಿಸುವುದಿಲ್ಲ. ವಾಂತಿ, ಭೇದಿ ಜೋರಾದರೆ ಮಾತ್ರ ಗುಳಿಗೆ ಒಳಗೆ ಸೇರದೆ ಹೋಗಬಹುದು. ಆದರೆ ಟಿಬಿಯ ರಿಫಾಂಪಿಸಿನ್ ಹಾಗಲ್ಲ. ಅದು ಲಿವರಿನಲ್ಲಿ ಮದ್ದು ಒಡೆಯುವ ಕಿಣ್ವಗಳನ್ನು ಹೆಚ್ಚಿಸುತ್ತದೆ. ಮಾಲಾ-ಎನ್ ಪಟ್ಟಿಯ 21 ಹಾರ್ಮೋನು ಗುಳಿಗೆಗಳಲ್ಲಿ ಈಸ್ಟ್ರೋಜನ್ ಇರುವುದೇ 0.03 ಮಿ.ಗ್ರಾಂ. ಅದೂ ಬೇಗ ಒಡೆದು ಹೋದರೆ ಬಸುರಾಗುವ ಸಾಧ್ಯತೆ ಇದೆ. ರಿಫಾಂಪಿಸಿನ್ ನಿಲ್ಲಿಸಿದ ಮೇಲೂ ಸುಮಾರು ನಾಲ್ಕು ವಾರ ಈ ಪರಿಣಾಮ ಉಳಿಯುತ್ತದೆ. ಆ ಅಕ್ಕನಿಗೆ ಟಿಬಿ ಮದ್ದು ನಿಲ್ಲಿಸಬೇಡಿ ಅಂತ ಮೊದಲು ಹೇಳು. ಆಮೇಲೆ ಆರೋಗ್ಯ ಕೇಂದ್ರದ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗು. ಕಾಪರ್-ಟಿಗೆ, ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್ನಿಗೆ ಈ ತೊಂದರೆ ಇಲ್ಲ. ಅಲ್ಲಿಯವರೆಗೆ ಕಾಂಡೋಮ್. ಮೂತ್ರ, ಬೆವರು ಕಿತ್ತಳೆ ಬಣ್ಣಕ್ಕೆ ತಿರುಗುವುದೂ ರಿಫಾಂಪಿಸಿನ್ನಿನಿಂದಲೇ, ಹೆದರಬೇಕಾಗಿಲ್ಲ ಅಂತಲೂ ಹೇಳು. ಆ ಬಣ್ಣ ಕಂಡು ಮದ್ದು ಬಿಟ್ಟವರಿದ್ದಾರೆ.

ಅಪಸ್ಮಾರದ ಕಾರ್ಬಮಜೆಪಿನ್, ಫೆನಿಟೋಯಿನ್, ಫೆನೊಬಾರ್ಬಿಟೋನ್ ಕೂಡ ಲಿವರಿನಲ್ಲಿ ಇದೇ ಕೆಲಸ ಮಾಡುತ್ತವೆ. ಎಣ್ಮಕಜೆಯಂಥ ಎಂಡೋಸಲ್ಫಾನ್ ಪೀಡಿತ ಗ್ರಾಮಗಳಿಗೆ ನೀವು ಪೋಸ್ಟಿಂಗಿಗೆ ಹೋಗುತ್ತೀರಿ. ಅಲ್ಲಿ ಈ ಗುಳಿಗೆ ತಿನ್ನುವ ಹೆಣ್ಣುಮಕ್ಕಳಲ್ಲಿ ಬೇರೆ ಏನೇನು ತಿನ್ನುತ್ತೀರಿ ಅಂತ ಕೇಳದೆ ಬರಬೇಡಿ. ಕಾರ್ಬಮಜೆಪಿನ್ ಬೇರೆ, ಕಾರ್ಬಿಮಜೋಲ್ ಬೇರೆ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ. ಮೊದಲನೆಯದು ಅಪಸ್ಮಾರಕ್ಕೆ, ಎರಡನೆಯದು ಥೈರಾಯ್ಡ್ ಜಾಸ್ತಿಯಾದವರಿಗೆ. ಕಾರ್ಬಿಮಜೋಲ್ ತಿನ್ನುವವರಿಗೆ ಜ್ವರ, ಗಂಟಲು ನೋವು ಬಂದರೆ ಮೆಡಿಕಲಿನಿಂದ ಆಂಟಿಬಯೋಟಿಕ್ ತಂದು ತಿಂದು ಕಾಯಬಾರದು. ಬಿಳಿ ರಕ್ತಕಣ ತೀರಾ ಇಳಿದಿರಬಹುದು. ಅದೇ ದಿನ ರಕ್ತಪರೀಕ್ಷೆ ಆಗಬೇಕು.

ಪ್ರಶ್ನೆ: ಗಂಟುನೋವಿಗೆ ಅಪ್ಪ ವರ್ಷದಿಂದ ಒಂದು ಪುಡಿ ತಿನ್ನುತ್ತಿದ್ದರು. ಕವರಿನಲ್ಲಿ ಹೆಸರಿಲ್ಲ. ಮುಖ ಊದಿತು ಅಂತ ನಿಲ್ಲಿಸಿದೆವು. ಈಗ ತುಂಬಾ ಸುಸ್ತು, ವಾಂತಿ.
— ಓದುಗರು, ನೀರ್ಚಾಲು

ಉತ್ತರ: ಪತ್ರಿಕೆ ಬರುವವರೆಗೆ ಕಾಯಬೇಡಿ ಅಂತ ನಿಮಗೆ ಬೇರೆಯೇ ಉತ್ತರ ಕಳಿಸಿದ್ದೇನೆ. ಬೇರೆಯವರಿಗೂ ಗೊತ್ತಿರಲಿ ಅಂತ ಇಲ್ಲಿ ಹಾಕಿದೆ. ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ನಮ್ಮ ದೇಶದಲ್ಲಿ ಹಲವು ಸಲ ಪರೀಕ್ಷೆಯಲ್ಲಿ ಗೊತ್ತಾಗಿದೆ. ಹೊರಗಿನಿಂದ ಸ್ಟೀರಾಯ್ಡ್ ಸಿಗುತ್ತಿದ್ದರೆ ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಕಡಿಮೆ ಮಾಡುತ್ತದೆ. ಮೂರು ವಾರಕ್ಕಿಂತ ಹೆಚ್ಚು ತಿಂದು ಫಕ್ಕನೆ ನಿಲ್ಲಿಸಿದರೆ ಬಿಪಿ ಬೀಳಬಹುದು, ಸಕ್ಕರೆ ಇಳಿಯಬಹುದು, ಜೀವಕ್ಕೇ ಅಪಾಯ. ಡಾಕ್ಟರು ಬರೆದ ಪ್ರೆಡ್ನಿಸೊಲೋನ್ ಆದರೂ ಇದೇ ನಿಯಮ. ಬೆಳಿಗ್ಗೆ, ಊಟದ ಜೊತೆ ತಿನ್ನಬೇಕು. ಬಿಡುವುದಾದರೆ ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಆ ಪುಡಿಯ ಪೊಟ್ಟಣವನ್ನೂ ಕೊಂಡುಹೋಗಿ. ನಾಚಿಕೆಪಟ್ಟು ಮುಚ್ಚಿಡಬೇಡಿ.

ಪತ್ರ ಬರೆಯುವವರಿಗೆ: ಮದ್ದಿನ ಹೆಸರನ್ನು ಪಟ್ಟಿಯ ಮೇಲಿದ್ದ ಹಾಗೆಯೇ, ಮಿ.ಗ್ರಾಂ ಸಮೇತ ಬರೆಯಿರಿ. ‘ಬಿಳಿ ಸಣ್ಣ ಗುಳಿಗೆ’ ಅಂದರೆ ನನಗೆ ಗೊತ್ತಾಗುವುದಿಲ್ಲ. ದಿನಕ್ಕೆ ಎಷ್ಟು ಸಲ, ಯಾವ ಹೊತ್ತಿಗೆ, ಜೊತೆಗೆ ಬೇರೇನು ತಿನ್ನುತ್ತೀರಿ ಅಂತಲೂ ಸೇರಿಸಿ. ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು, ಮೈಯೆಲ್ಲ ಬಾವು ಇದ್ದರೆ ಪತ್ರ ಬೇಡ, ಕೂಡಲೇ ಹತ್ತಿರದ ಆಸ್ಪತ್ರೆಗೆ ಹೋಗಿ. ಮುಂದಿನ ಸಲ ಹೆರಿಗೆ ವಾರ್ಡಿನ ಮದ್ದುಗಳ ಬಗ್ಗೆ ಬಂದ ಪ್ರಶ್ನೆಗಳನ್ನು ತೆಗೆದುಕೊಳ್ಳುತ್ತೇನೆ.